ಪದಚರ್ಚೆ: ‘ಭಾವಚಿತ್ರ’ದಲ್ಲಿ ಭಾವ ಇರಬೇಕೆ? ವಾದ್ಯವೃಂದದ ಕಂಡಕ್ಟರ್‌ಗೆ ಏನನ್ನೋಣ?

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಸ್ನೇಹಿತರೊಬ್ಬರು ತೆಗೆದ ಸಂಗೀತಗಾರರ ಫೋಟೋಗಳ ಪ್ರದರ್ಶನ ದೀಪಾವಳಿ ಕಳೆದ ಮೇಲೆ ನಮ್ಮೂರಲ್ಲಿ ಆಗಲಿದೆ. ಒಟ್ಟು 42 ಚಿತ್ರ. ಹೆಚ್ಚಿನವು ಶಿರಸಿ, ಹೊನ್ನಾವರ, ಕುಮಟೆ ಕಡೆಯ ಹಿಂದುಸ್ತಾನಿ ಗಾಯಕರದ್ದು, ಸಾಥ್ ಕೊಡುವವರದ್ದು, ಯಕ್ಷಗಾನದ ಹಿಮ್ಮೇಳದವರದ್ದು. 6 ಮಾತ್ರ ಮುಂಬಯಿಯಲ್ಲಿ ಪಾಶ್ಚಾತ್ಯ ವಾದ್ಯವೃಂದವೊಂದರ ತಾಲೀಮಿಗೆ ಹೋಗಿ ತೆಗೆದವು. ಪ್ರತಿ ಚಿತ್ರದ ಕೆಳಗೂ ಎರಡು ಸಾಲು ಕನ್ನಡ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮುಕ್ಕಾಲು ಪಾಲು ಬರೆದಾಗಿದೆ. ಎರಡು ಪದಗಳ ಹತ್ತಿರ ಬಂದು ಪೆನ್ನು ನಿಂತಿದೆ.

ಮೊದಲನೆಯದು ‘ಭಾವಚಿತ್ರ’.

ಆಮಂತ್ರಣದ ಕರಡಿನಲ್ಲಿ ‘ಸಂಗೀತಗಾರರ ಭಾವಚಿತ್ರಗಳ ಪ್ರದರ್ಶನ’ ಎಂದು ಬರೆದಿದ್ದೆ. ಅದನ್ನು ಓದಿದ ಪಕ್ಕದ ಮನೆಯ ಹಿರಿಯರು, “ಇವರೆಲ್ಲ ತೀರಿಕೊಂಡವರಾ?” ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ದಿನನಿತ್ಯದ ಕನ್ನಡದಲ್ಲಿ ಈ ಪದ ಸಿಗುವುದು ಬಹುಪಾಲು ಎರಡು ಕಡೆ. ಒಂದು, ಅರ್ಜಿಯ ಮೂಲೆಯ ಚೌಕದಲ್ಲಿ: ‘ಇತ್ತೀಚಿನ ಭಾವಚಿತ್ರ ಅಂಟಿಸಿ’. ಇನ್ನೊಂದು, ಸಭೆಯ ವರದಿಯಲ್ಲಿ: ‘ಭಾವಚಿತ್ರಕ್ಕೆ ಮಾಲಾರ್ಪಣೆ ಮಾಡಲಾಯಿತು’. ಮೊದಲನೆಯದರಲ್ಲಿ ನಗಬಾರದು, ಎರಡೂ ಕಿವಿ ಕಾಣಬೇಕು, ಹಿಂದೆ ಬಿಳಿ ಪರದೆ ಇರಬೇಕು. ಅಂದರೆ ಮುಖದಲ್ಲಿ ಯಾವ ಭಾವವೂ ಇರಕೂಡದು ಎಂಬುದೇ ಭಾವಚಿತ್ರದ ನಿಯಮ.

ಈಗ ನನ್ನ ಮೇಜಿನ ಮೇಲಿರುವ ಎರಡು ಚಿತ್ರಗಳನ್ನು ನೋಡಿ. ಎರಡರಲ್ಲೂ ಇರುವವರು ಒಬ್ಬರೇ, ನಮ್ಮ ಕಡೆಯ ಒಬ್ಬ ಗಾಯಕರು. ಒಂದರಲ್ಲಿ ಅವರು ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಇಸ್ತ್ರಿಯ ಜುಬ್ಬಾ, ಭುಜದ ಮೇಲೆ ಮಡಿಸಿಟ್ಟ ಶಾಲು, ಕಣ್ಣು ನೇರ ಕ್ಯಾಮೆರಾಕ್ಕೆ. ಇನ್ನೊಂದು ಮಳೆಗಾಲದ ಒಂದು ರಾತ್ರಿ, ಹಳೆಯ ಮನೆಯೊಂದರ ನಡುಮನೆಯಲ್ಲಿ ನಡೆದ ಬೈಠಕ್‌ನದ್ದು, ಅಂದರೆ ಕೆಲವೇ ಜನ ಹತ್ತಿರ ಕೂತು ಕೇಳುವ ಕಛೇರಿಯದ್ದು. ನಿಧಾನಗತಿಯ ತಾಳ, ವಿಲಂಬಿತ್ ಏಕತಾಲ. ತಾಳದ ಸುತ್ತು ಮತ್ತೆ ಶುರುವಾಗುವ ಮೊದಲ ಪೆಟ್ಟಾದ ಸಮ್ ಬರಲು ಇನ್ನು ಅರ್ಧ ಮಾತ್ರೆ ಇದೆ. ಗಾಯಕರ ಎಡಗೈ ಕಿವಿಯ ಹತ್ತಿರ; ಬಲಗೈಯ ಹೆಬ್ಬೆರಳು ತೋರುಬೆರಳು ಒಂದು ಎಳೆ ನೂಲನ್ನು ಹಿಡಿದಂತೆ ಕೂಡಿವೆ. ತಬಲಾದವರ ಕಣ್ಣು ಆ ಬೆರಳುಗಳ ಮೇಲೆಯೇ ನೆಟ್ಟಿದೆ, ಅವರ ಬಲಗೈ ಚರ್ಮದಿಂದ ನಾಲ್ಕು ಬೆರಳು ಮೇಲೆ ನಿಂತಿದೆ. ಹಿಂದೆ ಕೂತು ತಂಬೂರಿ ಮೀಟುತ್ತಿರುವ ಹುಡುಗಿಯ ಮುಖ ಅರ್ಧ ಮಾತ್ರ ಕಾಣುತ್ತದೆ, ಗಾಯಕರ ಮುಖ ಸ್ವಲ್ಪ ಅಲುಗಿದೆ. ಸದ್ದಾಗದ ಶಟರ್ ಇಟ್ಟರೆ ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆ ಮೂಡುತ್ತದೆ. ಸದ್ದಿನ ಶಟರ್ ತಬಲಾ ಇಲ್ಲದ ಆಲಾಪದಲ್ಲಿ ಒತ್ತುವ ಹಾಗಿಲ್ಲ. ಹಾಗಾಗಿ ನನ್ನ ಸ್ನೇಹಿತರು ತಬಲಾ ಶುರುವಾಗುವ ತನಕ ಮುಕ್ಕಾಲು ಗಂಟೆ ಕಂಬಕ್ಕೊರಗಿ ಕಾದಿದ್ದರಂತೆ.

ರೂಢಿಯ ಕನ್ನಡದಲ್ಲಿ ಜಗಲಿಯದ್ದು ಭಾವಚಿತ್ರ, ಬೈಠಕ್‌ನದ್ದು ಅಲ್ಲ. ಆದರೆ ಭಾವವೆಲ್ಲ ತುಂಬಿಕೊಂಡಿರುವುದು ಎರಡನೆಯದರಲ್ಲಿ.

ಪದದ ಬೆನ್ನು ಹತ್ತಿ ಹೋದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ವಿಶ್ವಕೋಶದಂಥ ಗ್ರಂಥ ಮಾನಸೋಲ್ಲಾಸ ನಿಮಗೆಲ್ಲ ಗೊತ್ತು. ‘ಬನವಾಸಿ ಹನ್ನೆರಡು ಸಾವಿರ’ ಎನಿಸಿದ್ದ ನಮ್ಮ ನಾಡೂ ಆ ಮನೆತನದ ಆಳ್ವಿಕೆಗೇ ಸೇರಿತ್ತು, ಹಾಗಾಗಿ ಹೊರಗಿನವರ ಮಾತನ್ನು ಎಳೆದು ತಂದಂತಾಗುವುದಿಲ್ಲ. ಅದರಲ್ಲಿ ಚಿತ್ರಗಳ ಬಗೆಗಳನ್ನು ಹೇಳುವಾಗ ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂಬ ಹೆಸರುಗಳು ಬರುತ್ತವೆ. ಕನ್ನಡಿಯಲ್ಲಿ ಕಂಡಂತೆ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ವಿದ್ಧಚಿತ್ರ. ಮನಸ್ಸಿಗೆ ತೋಚಿದ ಆಕಾರವನ್ನು ಬರೆದದ್ದು ಅವಿದ್ಧ. ನೋಡಿದೊಡನೆ ಶೃಂಗಾರವೇ ಮೊದಲಾದ ರಸ ಹುಟ್ಟುವಂಥದ್ದು ಭಾವಚಿತ್ರ. ದ್ರವದ ಬಣ್ಣದ್ದು ರಸಚಿತ್ರ, ಪುಡಿಯದ್ದು ಧೂಳಿಚಿತ್ರ. ನಮ್ಮ ಅಂಗಳದ ರಂಗೋಲಿ ಈ ಕೊನೆಯ ಜಾತಿ.

ಅಲ್ಲಿಗೆ ನಾವು ಅರ್ಜಿಗೆ ಅಂಟಿಸುವುದು ವಿದ್ಧಚಿತ್ರ. ವಿದ್ಧ ಎಂದರೆ ಚುಚ್ಚಿದ್ದು, ಗುರಿಗೆ ತಾಗಿದ್ದು. ‘ಫೋಟೋ ಹೊಡೆದ’ ಎಂಬ ನಮ್ಮ ಆಡುಮಾತು ಅದರ ಪಕ್ಕದಲ್ಲಿ ಎಷ್ಟು ಸಹಜವಾಗಿ ಕೂರುತ್ತದೆ ನೋಡಿ. ಸೋಮೇಶ್ವರನ ಲೆಕ್ಕದಲ್ಲಿ ಭಾವಚಿತ್ರ ಎನಿಸಿಕೊಳ್ಳಬೇಕಾದದ್ದು ಬೈಠಕ್‌ನ ಆ ಅಲುಗಿದ ಚಿತ್ರ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ ಎಂದೂ ಅನಿಸುತ್ತದೆ. ರಾಜ್ಯೋತ್ಸವದಲ್ಲಿ ‘ತಾಯಿ ಭುವನೇಶ್ವರಿಯ ಭಾವಚಿತ್ರದ ಮೆರವಣಿಗೆ’ ಎನ್ನುತ್ತೇವೆ. ಸಿದ್ದಾಪುರದ ಭುವನಗಿರಿಯಲ್ಲಿ ಗುಡಿಯಿರುವ ಆ ದೇವಿಯನ್ನು ಎದುರಿಗೆ ಕೂರಿಸಿ ಯಾರೂ ಚಿತ್ರ ತೆಗೆದಿಲ್ಲ. ಅಲ್ಲಿ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ, ಇರುವುದು ಭಾವವೇ.

ಹೊರದೇಶದ ಎರಡು ಉದಾಹರಣೆಗಳು ನನ್ನ ತಕರಾರನ್ನು ಇನ್ನಷ್ಟು ಗಟ್ಟಿ ಮಾಡಿದವು. ಫೋಟೋಗ್ರಾಫರ್ ಯೂಸುಫ್ ಕಾರ್ಶ್ 1954ರಲ್ಲಿ ಫ್ರಾನ್ಸಿನ ಪ್ರಾದ್ ಎಂಬ ಊರಿನ ಹತ್ತಿರದ ಹಳೆಯ ಕ್ರೈಸ್ತ ಮಠದಲ್ಲಿ ದೊಡ್ಡ ಪಿಟೀಲಿನಂಥ ಚೆಲ್ಲೋ ವಾದ್ಯದ ವಾದಕ ಪಾಬ್ಲೊ ಕಸಾಲ್ಸ್ ಅವರ ಚಿತ್ರ ತೆಗೆದರು. ಕಸಾಲ್ಸ್ ನಮಗೆ ಬೆನ್ನು ಹಾಕಿ ಕೂತು ನುಡಿಸುತ್ತಿದ್ದಾರೆ. ಮುಂದೆ ಕಲ್ಲಿನ ಬೋಳು ಗೋಡೆ, ಬಲು ಎತ್ತರದಲ್ಲೊಂದು ಚಿಕ್ಕ ಕಿಟಕಿ. ಮುಖವೇ ಇಲ್ಲ, ಆದರೂ ಸಂಗೀತಗಾರರ ಪೋರ್ಟ್ರೇಟ್ ಎಂದಾಗ ಜಗತ್ತು ನೆನೆಯುವ ಚಿತ್ರಗಳಲ್ಲಿ ಅದೊಂದು. ಇನ್ನೊಂದು 1946ರಲ್ಲಿ ಫೋಟೋಗ್ರಾಫರ್ ಆರ್ನಾಲ್ಡ್ ನ್ಯೂಮನ್ ತೆಗೆದ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಚಿತ್ರ. ಚಿತ್ರದ ಬಹುಭಾಗವನ್ನು ಪಿಯಾನೋದ ಎತ್ತಿದ ಕಪ್ಪು ಮುಚ್ಚಳವೇ ನುಂಗಿದೆ. ಸಂಗೀತಗಾರ ಕೆಳಗೆ ಎಡಮೂಲೆಯಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದಾನೆ. ಇವೆರಡನ್ನೂ ‘ಭಾವಚಿತ್ರ’ ಎಂದರೆ ಇವತ್ತಿನ ಕನ್ನಡದ ಓದುಗರು ಒಪ್ಪುತ್ತಾರೆಯೇ? ಬೆನ್ನು ಕಾಣುವ ಭಾವಚಿತ್ರವನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ.

ಬೇರೆ ಪದ ಹುಡುಕಹೊರಟರೆ ಅಕ್ಕಪಕ್ಕದ ಮನೆಗಳೆಲ್ಲ ಭರ್ತಿ. ‘ಮುಖಚಿತ್ರ’ ಪುಸ್ತಕದ ರಕ್ಷಾಪುಟಕ್ಕೆ ಹೋಯಿತು. ‘ವ್ಯಕ್ತಿಚಿತ್ರ’ ಎಂದರೆ ಬರಹ. ‘ಪ್ರತಿಕೃತಿ’ಯನ್ನು ರಸ್ತೆಯಲ್ಲಿ ಸುಡುತ್ತಾರೆ. ‘ಪಟ’ ನಮ್ಮ ಅಜ್ಜಿಯಂದಿರ ಪದ, ನನಗೆ ಬಹಳ ಇಷ್ಟ, ಆದರೆ ಅದು ಗೋಡೆಗೆ ತೂಗುಹಾಕುವ ಕಟ್ಟಿನ ಸಮೇತದ ವಸ್ತು. ಪತ್ರಿಕೆಗಳ ‘ಕ್ಯಾಮೆರಾದಲ್ಲಿ ಸೆರೆಹಿಡಿದ’ ಎಂಬ ಮಾತನ್ನು ಮಾತ್ರ ನಾನು ಎಲ್ಲಿಯೂ ಬರೆಯುವುದಿಲ್ಲ. ಹಾಡುವವರು ತಮ್ಮ ಪಾಡಿಗೆ ಹಾಡುತ್ತಿದ್ದಾರೆ, ಅವರನ್ನು ಸೆರೆಗೆ ಹಾಕುವುದೇಕೆ? ‘ಛಾಯಾಚಿತ್ರ’ ಒಳ್ಳೆಯದು. ‘ಈ ಸಂಚಾರದಲ್ಲಿ ಬೇರೆ ರಾಗದ ಛಾಯೆ ಬಂತು’ ಎಂದು ನಮ್ಮಲ್ಲಿ ಸಂಗೀತ ಕೇಳುವವರು ದಿನವೂ ಆಡುವ ಮಾತಿನ ಛಾಯೆಯೇ ಅಲ್ಲೂ ಇದೆ. ಆದರೆ ಅದು ಎಲ್ಲ ಫೋಟೋಗಳಿಗೂ ಸಲ್ಲುವ ಪದ. ಬೈಠಕ್‌ನದ್ದನ್ನು ಜಗಲಿಯದ್ದರಿಂದ ಬೇರೆ ಮಾಡಿ ಹೇಳುವುದಿಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಇದು: ಕ್ಯಾಮೆರಾಕ್ಕೆಂದೇ ಕೂತದ್ದಕ್ಕೆ ‘ಕೂತ ಚಿತ್ರ’, ಕೆಲಸದ ನಡುವೆ ತೆಗೆದದ್ದಕ್ಕೆ ‘ಭಾವಚಿತ್ರ’. ಸ್ಟುಡಿಯೋಕ್ಕೆ ಹೋಗುವುದನ್ನು ‘ಫೋಟೋಕ್ಕೆ ಕೂತೆ’ ಎಂದು ಈಗಲೂ ಹೇಳುತ್ತೇವಲ್ಲ, ಅಲ್ಲಿಂದ ಹೊಳೆದದ್ದು. ಇದು ಓದುಗರಿಗೆ ತಲೆಕೆಳಗಾಗಿ ಕಂಡೀತೆಂಬ ಅಳುಕಿದೆ. ಹೇಳಿ, ಹಳೆಯ ಅರ್ಥವನ್ನು ಹೀಗೆ ಮರಳಿ ತರುವುದು ಸರಿಯೋ, ಅಥವಾ ರೂಢಿಗೆ ತಲೆಬಾಗಬೇಕೋ?

ಎರಡನೆಯ ಪದ ಇನ್ನೂ ಕಷ್ಟದ್ದು.

ಮುಂಬಯಿಯ ಚಿತ್ರಗಳಲ್ಲಿ ಒಂದು ಕಂಡಕ್ಟರ್ ಅವರದ್ದು, ಅಂದರೆ ಕೋಲಿನ ಸನ್ನೆಯಿಂದ ಇಡೀ ವಾದ್ಯವೃಂದವನ್ನು ನಡೆಸುವವರದ್ದು. ಸಭಿಕರಿಗೆ ಅವರು ಬೆನ್ನು ಹಾಕಿಯೇ ನಿಲ್ಲುವುದರಿಂದ ಎದುರಿನ ಸೀಟಿನಿಂದ ಸಿಗುವುದು ಕೋಟಿನ ಹಿಂಭಾಗ ಮಾತ್ರ. ಅದಕ್ಕೇ ಫೋಟೋ ತೆಗೆಯುವವರು ತಾಲೀಮಿನ ದಿನ ಕೇಳಿಕೊಂಡು ಒಳಗೆ ಹೋಗಿ, ಹಿಂದಿನ ಸಾಲಿನ ಕೊಂಬು–ನಗಾರಿಗಳ ಪಕ್ಕದಲ್ಲಿ ಕೂರುತ್ತಾರೆ. ಅಲ್ಲಿಂದ ತೆಗೆದ ಚಿತ್ರ ಇದು. ಬಿಳಿಯ ಕೋಲು ಮೇಲೆ ಹೋಗಿದೆ, ಹುಬ್ಬು ಎತ್ತಿದೆ, ಬಾಯಿ ಉಸಿರೆಳೆದುಕೊಳ್ಳಲು ಚೂರು ತೆರೆದಿದೆ. ಸ್ವರ ಇನ್ನೂ ಹುಟ್ಟಿಲ್ಲ. ಕೋಲು ಕೆಳಗಿಳಿದ ಕೂಡಲೇ ಎಲ್ಲ ವಾದ್ಯಗಳೂ ಒಟ್ಟಿಗೆ ಹೊರಡಬೇಕು.

ಇವರನ್ನು ಕನ್ನಡದಲ್ಲಿ ಏನೆನ್ನೋಣ? ‘ಕಂಡಕ್ಟರ್’ ಎಂದೇ ಬರೆದರೆ ಹುಬ್ಬಳ್ಳಿ ಬಸ್ಸು ಕಣ್ಣಮುಂದೆ ಬರುತ್ತದೆ. ‘ನಿರ್ವಾಹಕ’ ಎಂದರೂ ಅದೇ ಬಸ್ಸು. ‘ವಾಹಕ’ವನ್ನು ವಿಜ್ಞಾನದವರು ತಾಮ್ರದ ತಂತಿಗೆ ಕೊಟ್ಟಿದ್ದಾರೆ. ‘ಸಂಗೀತ ನಿರ್ದೇಶಕ’ ಸಿನಿಮಾದವರು. ‘ವಾದ್ಯವೃಂದ’ ಎಂಬ ಪದ ಆಕಾಶವಾಣಿಯಿಂದಾಗಿ ಬಳಕೆಯಲ್ಲಿದೆ. 1952ರಲ್ಲಿ ದೆಹಲಿಯಲ್ಲಿ ಅದರ ರಾಷ್ಟ್ರೀಯ ವಾದ್ಯವೃಂದ ಶುರುವಾದಾಗ ರವಿಶಂಕರ್ ಅದನ್ನು ನಡೆಸಿದವರಲ್ಲೊಬ್ಬರು. ಅದರಿಂದ ‘ವೃಂದನಾಯಕ’ ಮಾಡಬಹುದಿತ್ತು. ಆದರೆ ಪಾಶ್ಚಾತ್ಯರ ಪದ್ಧತಿಯಲ್ಲಿ ನಾಯಕ ಎನಿಸಿಕೊಳ್ಳುವವರು ಮೊದಲ ಪಿಟೀಲಿನವರು. ಆ ಚಿತ್ರವೂ ಪ್ರದರ್ಶನದಲ್ಲಿದೆ, ಪಕ್ಕದಲ್ಲೇ ತೂಗುತ್ತದೆ.

ಕನ್ನಡದ ವ್ಯಾಕರಣವೇ ಇಲ್ಲೊಂದು ತಿರುವು ಕೊಡುತ್ತದೆ. ವಾದ್ಯವನ್ನು ನಾವು ‘ನುಡಿಸು’ತ್ತೇವೆ. ನುಡಿಯುವುದು ವಾದ್ಯ, ನುಡಿಸುವವರು ವಾದಕರು. ಅಂದರೆ ‘ಇಸು’ ಪ್ರತ್ಯಯವನ್ನು ವಾದಕರೇ ಬಳಸಿ ಮುಗಿಸಿದ್ದಾರೆ. ಅವರೆಲ್ಲರಿಂದ ನುಡಿಸಿಸುವವರಿಗೆ ಭಾಷೆಯಲ್ಲಿ ಪ್ರತ್ಯಯ ಉಳಿದಿಲ್ಲ. ಯಕ್ಷಗಾನದಲ್ಲಿ ಈ ತೊಂದರೆ ಇಲ್ಲ: ವೇಷಧಾರಿ ಕುಣಿಯುತ್ತಾನೆ, ಭಾಗವತ ಕುಣಿಸುತ್ತಾನೆ. ‘ನಿನ್ನೆ ಆಟದಲ್ಲಿ ಭಾಗವತರು ಏನು ಕುಣಿಸಿದರು ಮಾರಾಯ’ ಎಂದು ನಮ್ಮಲ್ಲಿ ಹೇಳಿದರೆ ಆ ರಾತ್ರಿಯ ಕೀರ್ತಿಯೆಲ್ಲ ಅವರಿಗೇ ಸಂದಿತು.

ಹಾಗಾದರೆ ‘ಭಾಗವತ’ ಎಂದೇ ಬಿಡೋಣವೇ ಎಂದು ಒಂದು ದಿನವೆಲ್ಲ ಯೋಚಿಸಿದೆ. ಕೆಲಸ ನೋಡಿದರೆ ಅತಿ ಹತ್ತಿರದವರು ಅವರೇ. ಪ್ರಸಂಗ ಓಡುವುದು, ನಿಲ್ಲುವುದು, ಚಂಡೆ ಏಳುವುದು, ಪದ್ಯ ಮತ್ತೊಮ್ಮೆ ಬರುವುದು ಎಲ್ಲ ಅವರ ಕೈಯ ತಾಳದಿಂದ. ಅವರಿಗೆ ‘ಮೊದಲನೆಯ ವೇಷ’ ಎಂಬ ಗೌರವವಿದೆ. 1934ರಲ್ಲಿ ಹುಟ್ಟಿದ ಕೆರೆಮನೆ ಮೇಳಕ್ಕೆ ನೆಬ್ಬೂರು ನಾರಾಯಣ ಭಾಗವತರು ಏನಾಗಿದ್ದರು ಎಂಬುದನ್ನು ಅವರ ಪದ್ಯ ಕೇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭಾಗವತರು ಸ್ವತಃ ಹಾಡುತ್ತಾರೆ, ಆ ಕಂಡಕ್ಟರ್ ಸದ್ದೇ ಮಾಡುವುದಿಲ್ಲ. ಭಾಗವತರು ರಂಗದ ಹಿಂದೆ ಕೂತು ನಮ್ಮತ್ತ ಮುಖ ಮಾಡಿರುತ್ತಾರೆ. ಕಂಡಕ್ಟರ್ ಮುಂದೆ ನಿಂತು ನಮಗೆ ಬೆನ್ನು ತೋರುತ್ತಾರೆ. ಫೋಟೋದಲ್ಲಿ ಭಾಗವತರನ್ನು ಮರೆಮಾಡುವುದು ಎದುರಿಗೆ ಕುಣಿಯುವ ವೇಷದ ಕಿರೀಟ. ನಮ್ಮ ಸಂಗ್ರಹದ ಭಾಗವತರ ಚಿತ್ರದಲ್ಲಿ ವೇಷದ ತಲೆಯ ಮೇಲಿನ ಕೇದಿಗೆ ಮುಂದಲೆ ಮತ್ತು ಭುಜಕೀರ್ತಿಯ ಸಂದಿನಲ್ಲಿ ಒಂದು ಕಣ್ಣು, ಕೆಂಪು ಮುಂಡಾಸಿನ ಅಂಚು, ಎರಡು ತಾಳ ಇಷ್ಟೇ ಕಾಣುತ್ತವೆ.

ಅದು ಭಾಗವತರಿಗೇ ಮೀಸಲಿರಬೇಕಾದ ಪದ ಎಂದು ಕೊನೆಗೆ ಕೈಬಿಟ್ಟೆ.

ಉಳಿದದ್ದು ಒಂದು ಊಹೆ, ಇದಕ್ಕೆ ಕಾರವಾರ, ಅಂಕೋಲಾ ಕಡೆಯವರ ಸಹಾಯ ಬೇಕು. ಕಂಡಕ್ಟರ್‌ರನ್ನು ಇಟಲಿಯವರು ‘ಮಾಯೆಸ್ತ್ರೊ’ ಎನ್ನುತ್ತಾರೆ. ಪೋರ್ಚುಗೀಸರ ‘ಮೇಸ್ತ್ರೆ’ ಅದರ ಒಡಹುಟ್ಟು. ಕಾಳಿ ನದಿಯ ಆಚೆ, ಗೋವೆಯ ಇಗರ್ಜಿ (ಚರ್ಚ್) ಶಾಲೆಗಳಲ್ಲಿ ಮಕ್ಕಳಿಗೆ ಸ್ವರ, ಪಿಟೀಲು ಕಲಿಸಿ ಗಾಯಕವೃಂದ ನಡೆಸುತ್ತಿದ್ದವರಿಗೆ ಮೇಸ್ತ್ರೆ ಎಂದೇ ಹೆಸರು. ಅದೇ ಪದ ಕನ್ನಡಕ್ಕೆ ಬಂದು ಗಾರೆ ಕೆಲಸದ ‘ಮೇಸ್ತ್ರಿ’ ಆಯಿತು, ಇಂಗ್ಲಿಷಿನ ದಾರಿಯಿಂದ ಬಂದ ಅದರ ದಾಯಾದಿ ‘ಮೇಷ್ಟ್ರು’ ಆಯಿತು. ನಮ್ಮ ಮೇಸ್ತ್ರಿಯೂ ಕಲ್ಲು ಹೊರುವುದಿಲ್ಲ. ಎಲ್ಲರ ಕೈಯಿಂದ ಗೋಡೆ ಏಳಿಸುತ್ತಾನೆ.

ಕಾರವಾರ, ಹೊನ್ನಾವರದ ಇಗರ್ಜಿಗಳಲ್ಲಿ ಹಾಡಿನ ಗುಂಪನ್ನು ಕೈಸನ್ನೆಯಿಂದ ನಡೆಸುವವರನ್ನು ಮನೆಮಾತಿನಲ್ಲಿ ಏನೆಂದು ಕರೆಯುತ್ತೀರಿ? ಮೇಸ್ತ್ರೆಯ ಯಾವುದಾದರೂ ರೂಪ ಅಲ್ಲಿ ಇನ್ನೂ ಬದುಕಿದೆಯೇ? ಕೊಂಕಣಿಯಲ್ಲಿದ್ದರೂ ಸರಿ, ಹಿರಿಯರ ಬಾಯಲ್ಲಿ ಮಾತ್ರ ಉಳಿದಿದ್ದರೂ ಸರಿ, ಉಚ್ಚಾರ ಹೇಗಿದೆಯೋ ಹಾಗೇ ಬರೆದು ತಿಳಿಸಿ. ಅಡಿಬರಹಗಳು ಮುದ್ರಣಕ್ಕೆ ಹೋಗಲು ಇನ್ನು ಮೂರು ವಾರ ಇದೆ. ಅಲ್ಲಿಯ ತನಕ ಆ ಚಿತ್ರದ ಕೆಳಗಿನ ಜಾಗವನ್ನು ಖಾಲಿ ಇಟ್ಟಿದ್ದೇನೆ.