ಇಂಟರ್ನ್ಸ್‌ಗೆ ಫೋನಲ್ಲಿ ರೋಗಿ ನೋಡೋದು ಹೇಳ್ಕೊಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಮೆಡಿಸಿನ್ ಪಿಜಿ:
ಎಲ್ರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಇಂಟರ್ನ್ಸ್‌ಗೆ ಟೆಲಿ ಕನ್ಸಲ್ಟೇಶನ್ ಬಗ್ಗೆ ಒಂದು ಗಂಟೆ ಕ್ಲಾಸ್ ತಗೋ ಅಂದಿದ್ದಾರೆ ನಮ್ಮ ಮೇಡಂ. ಸ್ಲೈಡ್ ಮಾಡೋಕೆ ಕೂತೆ, 2020ರ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾದ ದಿನವೇ ಟೆಲಿಮೆಡಿಸಿನ್ ಗೈಡ್‌ಲೈನ್ಸ್ ಬಂತು, ಏಪ್ರಿಲಲ್ಲಿ ಇ-ಸಂಜೀವಿನಿ ಓಪಿಡಿ (ವಿಡಿಯೊದಲ್ಲಿ ಡಾಕ್ಟರ್ ಸಿಗೋ ಸರ್ಕಾರಿ ಸೇವೆ) ಬಂತು ಅಂತ ಎರಡು ಸ್ಲೈಡ್ ಆಯ್ತು, ಅಲ್ಲಿಗೆ ನಿಂತೋಯ್ತು. ಯಾಕಂದ್ರೆ ನಾನು ಇದನ್ನ ಕಲ್ತಿದ್ದು ಗೈಡ್‌ಲೈನ್ಸ್ ಓದಿ ಅಲ್ಲ.

2021ರ ಮೇ ತಿಂಗಳು, ನಾನಾಗ ಫೈನಲ್ ಇಯರ್. ಸೌಮ್ಯ ಲಕ್ಷಣ ಇರೋ ಕೋವಿಡ್ ರೋಗಿಗಳನ್ನ ಫೋನಲ್ಲಿ ವಿಚಾರಿಸೋಕೆ ಫೈನಲ್ ಇಯರ್ ಸ್ಟೂಡೆಂಟ್ಸ್‌ನ ಬಳಸ್ಕೋಬಹುದು, ಫ್ಯಾಕಲ್ಟಿ ಮೇಲ್ವಿಚಾರಣೆ ಇರ್ಬೇಕು ಅಂತ ಕೇಂದ್ರದಿಂದ ಹೇಳಿದ್ರಲ್ಲ, ಆವಾಗ. ಗದಗ ಕಡೆ ಒಬ್ರು ಅಜ್ಜ, "ಆರಾಮ ಅದೀನವ್ವಾ, ತೊಂಬತ್ತೈದ ತೋರ್ಸಾಕತ್ತೈತಿ" ಅಂದ್ರು, ಆಕ್ಸಿಮೀಟರ್ ತೋರಿಸೋ ಆಕ್ಸಿಜನ್ ಅಂಕಿ ಅದು. ಟಿಕ್ ಹಾಕಿ ಮುಂದಿನ ನಂಬರ್ ಒತ್ತಬೇಕು ಅಷ್ಟೆ, ಆದ್ರೆ "ಆರಾಮ" ಅಂದು ಒಂದು ಉಸಿರು ತಗೊಂಡ್ರು, "ಅದೀನವ್ವಾ" ಅಂದು ಇನ್ನೊಂದು. ಒಂದೇ ಉಸಿರಲ್ಲಿ ಒಂದು ಎರಡು ಎಣಿಸಿ ಅಜ್ಜಾ ಅಂದೆ, ಹನ್ನೊಂದಕ್ಕೆ ನಿಂತ್ರು. ಮೊಮ್ಮಗಳ ಕೈಗೆ ಫೋನ್ ಕೊಡ್ಸಿ, ಆಕ್ಸಿಮೀಟರ್ ಬೆರಳಲ್ಲೇ ಇರ್ಲಿ, ಪಡಸಾಲೇಲಿ ಆರು ನಿಮಿಷ ನಿಧಾನಕ್ಕೆ ನಡೆಸು, ಸುಸ್ತಾದ್ರೆ ತಕ್ಷಣ ಕೂರಿಸು ಅಂದೆ. ಮೂರೇ ನಿಮಿಷಕ್ಕೆ 88ಕ್ಕೆ ಇಳೀತು. ಸರ್‌ಗೆ ಹೇಳ್ದೆ, ರಾತ್ರಿಯೊಳಗೆ ಬೆಡ್ ಸಿಕ್ತು, ಅಜ್ಜ ಉಳಿದ್ರು.

ಈಗ ಇದನ್ನ ಇಂಟರ್ನ್ಸ್‌ಗೆ ಹೇಗೆ ಕಲಿಸೋದು? ಡಾಕ್ಟರು, ನರ್ಸು, ರೋಗಿ ಕಡೆಯವ್ರು ಯಾರಾದ್ರೂ ಸರಿ, ನಿಮ್ಮ ಅನುಭವ ಹೇಳಿ.

ಕೊಪ್ಪಳ ಸಿಎಚ್‌ಒ:
ಮೇಡಂ, ನಾ ಆರೋಗ್ಯ ಉಪಕೇಂದ್ರದಾಗ ಸಿಎಚ್‌ಒ, ಅಂದ್ರ ಸಮುದಾಯ ಆರೋಗ್ಯ ಅಧಿಕಾರಿ ಅದೀನಿ. ಇ-ಸಂಜೀವಿನಿಯೊಳಗ ಪೇಷಂಟ್ ಬಾಜೂಕ ಕುಂದ್ರೋರು ನಾವು. ನಿಮ್ಮ ಹುಡುಗರಿಗೆ ಹೇಳ್ರಿ, ಇಲ್ಲಿ ಕುಂತೋರ ಕೈಯೇ ನಿಮ್ಮ ಕೈ ಅಂತ. ಭಾಳ ಮಂದಿ ಡಾಕ್ಟರು ಪೇಷಂಟ್ ಜೋಡಿ ಎರಡು ಮಾತಾಡಿ ಗುಳಿಗಿ ಬರದು ಬಿಡ್ತಾರ, ನಮ್ಮನ್ನ ಏನೂ ಕೇಳಂಗಿಲ್ಲ. ಹೋದ ತಿಂಗಳ ಒಬ್ಬಾಕಿ ಆಯಿ ಬಂದಿದ್ಲು, ನಿದ್ದಿ ಬರವಲ್ದು, ಭಾಳ ದಣಿವು ಅಂತ. ಆ ಕಡಿ ಡಾಕ್ಟರು "ಸಿಸ್ಟರ್, ಮೊಣಕಾಲ ಕೆಳಗ ಎಲುಬಿನ ಮ್ಯಾಲ ಹೆಬ್ಬೆರಳಿಲೆ ಒತ್ತಿ ಹಿಡೀರಿ, ಕ್ಯಾಮೆರಾ ಅಲ್ಲೇ ಇರ್ಲಿ" ಅಂದ್ರು. ಬೆರಳ ತಗದ್ರೂ ಕುಳಿ ಹಂಗ ಉಳೀತು, ಕಾಲಾಗ ನೀರು ತುಂಬಿತ್ತು. ಹೆಂಗ ಮಲಗ್ತಿ ಆಯಿ ಅಂತ ಕೇಳಿದ್ರ, "ಗ್ವಾಡಿಗೆ ಒರಗಿ ಕುಂತ ರಾತ್ರಿ ಕಳೀತೀನಿ" ಅಂದ್ಲು. ಹಾರ್ಟ್ ಫೇಲ್ಯೂರ್ ಅನ್ಸತೈತಿ ಅಂತ ಅವತ್ತ ಜಿಲ್ಲಾ ಆಸ್ಪತ್ರಿಗೆ ಕಳಿಸಿದ್ವಿ.

ಇನ್ನೊಂದು, ಗುಳಿಗಿ ಹೆಸರು ಕೇಳಬ್ಯಾಡ್ರಿ, ಚೀಲ ಸುರುವಿ ಸ್ಟ್ರಿಪ್ ಕ್ಯಾಮೆರಾಕ್ಕ ಹಿಡೀರಿ ಅನ್ರಿ. ಒಂದೇ ಬಿಪಿ ಗುಳಿಗಿ ಎರಡು ಕಂಪನೀದು ಎರಡೂ ನುಂಗೋರು ಇರ್ತಾರ.

2019 ಬ್ಯಾಚ್:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ನಮ್ದು ಸಿಬಿಎಂಇ (ಎಂಬಿಬಿಎಸ್‌ನ ಹೊಸ ಪಠ್ಯಕ್ರಮ) ಬಂದ ಮೊದಲ ಬ್ಯಾಚು, ಅನಾಟಮಿ ಅರ್ಧಕ್ಕೇ ಲಾಕ್‌ಡೌನ್ ಆಗಿ ಉಳಿದಿದ್ದೆಲ್ಲಾ ಝೂಮಲ್ಲಿ, ನಮ್ಮನೆ ಶಿರಸಿ ಹತ್ರ, ನೆಟ್‌ವರ್ಕ್‌ಗೋಸ್ಕರ ಗುಡ್ಡ ಹತ್ತಿ ಕೊಡೆ ಹಿಡ್ಕಂಡು ಕ್ಲಾಸ್ ಕೇಳಿದ್ದೀನಿ. ಗುಲ್ಮ (ಸ್ಪ್ಲೀನ್) ದೊಡ್ಡದಾದ್ರೆ ಕೈಗೆ ಹೇಗೆ ಸಿಗತ್ತೆ ಅಂತ ಬರೆದು ಮಾರ್ಕ್ಸೂ ತಗೊಂಡೆ. ನಿಜವಾಗಿ ಗೊತ್ತಾಗಿದ್ದು ಆಮೇಲೆ ವಾರ್ಡಲ್ಲಿ, ರೋಗಿ ಉಸಿರು ಎಳ್ಕೊಂಡಾಗ ಅದು ಕೆಳಗಿಳಿದು ಬಂದು ಬೆರಳ ತುದಿಗೆ ತಾಗ್ತಲ್ಲ, ಆವತ್ತು. ಅಕ್ಕ, ನಿಮ್ಮ ಕಿವಿಗೆ ಆ ಅಜ್ಜನ ಉಸಿರು ಗೊತ್ತಾಗಿದ್ದು ನೀವು ಅಷ್ಟೊತ್ತಿಗೆ ವಾರ್ಡಲ್ಲಿ ಏದುಸಿರು ಬಿಡೋರ ಪಕ್ಕ ನಿಂತಿದ್ರಿಂದ. ಮೊದಲು ಮುಟ್ಟಿ ನೋಡಿದ್ರೆ ತಾನೇ ಎಲ್ಲಿ ಒತ್ತಿ ಅಂತ ಸಿಸ್ಟರ್‌ಗೆ ಹೇಳೋಕಾಗೋದು?

ತೀರ್ಥಹಳ್ಳಿ ಮಗ:
ರೋಗಿ ಕಡೆಯಿಂದ ಎರಡು ಮಾತು. ಕೋವಿಡ್ ಟೈಮಲ್ಲಿ ಅಮ್ಮಂಗೆ ಫೋನಲ್ಲೇ ತೋರಿಸಿದ್ವಿ. ಸ್ಪೀಕರ್ ಆನ್ ಇತ್ತು, ಸುತ್ತ ಮನೆಯವ್ರೆಲ್ಲ. ಡಾಕ್ಟರ್ ಏನ್ ಕೇಳಿದ್ರೂ "ಏನಿಲ್ಲ, ಸ್ವಲ್ಪ ಜ್ವರ" ಅಂತಾನೆ ಅಮ್ಮ. ಕೊನೆಗೆ ಅವ್ರು "ಸ್ಪೀಕರ್ ಆಫ್ ಮಾಡಿ, ಫೋನ್ ಅಮ್ಮನ ಕೈಲಿ ಕೊಟ್ಟು ಎಲ್ರೂ ಆಚೆ ಹೋಗಿ" ಅಂದ್ರು. ಆಮೇಲೆ ಗೊತ್ತಾಯ್ತು, ಹತ್ತು ದಿನದಿಂದ ಉರಿಮೂತ್ರ, ನಮ್ಮೆದುರು ಹೇಳೋಕೆ ನಾಚಿಕೆ. ಆದ್ರೆ ವಾಟ್ಸಾಪಲ್ಲಿ ಕಳಿಸಿದ ಚೀಟೀಲಿ ರಿಜಿಸ್ಟ್ರೇಶನ್ ನಂಬರೇ ಇರ್ಲಿಲ್ಲ, ಮೆಡಿಕಲ್ ಶಾಪಿನವ್ರು ಕೊಡಲ್ಲ ಅಂದ್ರು, ಇನ್ನೊಂದು ಚೀಟಿ ಬರೋ ಹೊತ್ತಿಗೆ ಮಾರನೇ ದಿನ. ಇಂಟರ್ನ್ಸ್‌ಗೆ ಇದನ್ನೂ ಹೇಳಿ ಡಾಕ್ಟ್ರೇ.

ಮೆಡಿಸಿನ್ ಪಿಜಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. 2019 ಬ್ಯಾಚ್ ಹೇಳಿದ್ದು ಒಪ್ಕೊಂಡೆ, ಸ್ಲೈಡ್ ಬಿಟ್ಟೆ, ಕ್ಲಾಸ್ ವಾರ್ಡಲ್ಲೇ ಮಾಡ್ತೀನಿ. ರೋಗಿ ಒಪ್ಪಿದ್ರೆ ಪರದೆ ಆಚೆ ಇಬ್ಬರನ್ನ ನಿಲ್ಲಿಸಿ ಬರೀ ದನಿ ಕೇಳ್ಸೋದು, ಆಮೇಲೆ ಒಳಗೆ ಬಂದು ಮುಟ್ಟಿ ನೋಡೋದು. ಮೊದಲ ಪ್ರಶ್ನೆ "ಪಕ್ಕದಲ್ಲಿ ಯಾರಿದ್ದಾರೆ" ಅಂತ ಇರ್ಬೇಕು, ಅದನ್ನ ನಾನೂ ಎಷ್ಟೋ ಸಲ ಕೇಳಿಲ್ಲ. ಕೊಪ್ಪಳ ಸಿಸ್ಟರ್, ಗುರುವಾರ ಅರ್ಧ ಗಂಟೆ ವಿಡಿಯೊದಲ್ಲಿ ಬರ್ತೀರಾ? ನಮ್ಮೋರು ನಿಮಗೆ ಹೇಳಿ ಪರೀಕ್ಷೆ ಮಾಡಿಸ್ಲಿ, ಎಲ್ಲಿ ತಪ್ಪಾಗ್ತಿದೆ ಅಂತ ನೀವೇ ಹೇಳಿ.

ಕೊಪ್ಪಳ ಸಿಎಚ್‌ಒ:
ಗುರುವಾರ ಕೂಸುಗಳ ಲಸಿಕಿ ಇರ್ತೈತಿ ಮೇಡಂ. ಶುಕ್ರವಾರ ಮೂರ ಗಂಟೆಕ್ಕ ಇಟ್ಕೊಳ್ರಿ, ಖರೆ ಬರ್ತೀನಿ.