ಅವ್ವನ ಮೊಣಕಾಲು ಆಪರೇಷನ್: ಬೆನ್ನಿಗೂ ಇಂಜೆಕ್ಷನ್, ತೊಡೆಗೂ ಇಂಜೆಕ್ಷನ್, ಯಾಕೆ?

ಲಕ್ಷ್ಮೇಶ್ವರದ ಮಗಳು:

ನಮ್ಮ ಅವ್ವನಿಗೆ 67 ವರ್ಷ. ಎಡ ಮೊಣಕಾಲು ಪೂರ್ತಿ ಸವೆದಿದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು ಎಂದೋ ನಿಂತಿತು. ಈಗ ಕಟ್ಟೆಯ ಮೇಲೆ ಗ್ಯಾಸ್ ಇಟ್ಟು ನಿಂತೇ ಬಡಿಯುತ್ತಾಳೆ, ನಾಲ್ಕು ರೊಟ್ಟಿ ಆಗುವಷ್ಟರಲ್ಲಿ ಗೋಡೆ ಹಿಡಿಯುತ್ತಾಳೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಕೀಲು ಬದಲಿಸುವ ಆಪರೇಷನ್. ಅರಿವಳಿಕೆ ಡಾಕ್ಟರು ಬಂದು "ಸ್ಪೈನಲ್, ಜೊತೆಗೆ ತೊಡೆಗೆ ಒಂದು ಬ್ಲಾಕ್" ಎಂದು ಬರೆದು ಹೋದರು. ಅಂದರೆ ಮರಗಟ್ಟಿಸುವ ಇಂಜೆಕ್ಷನ್ ಬೆನ್ನಿಗೆ ಒಂದು, ತೊಡೆಯ ನರದ ಹತ್ತಿರ ಇನ್ನೊಂದು. ಕೇಳಬೇಕಾದದ್ದು ನನಗೆ ನೆನಪಾದದ್ದು ವಾಪಸ್ ಬರುವ ಬಸ್ಸಿನಲ್ಲಿ.

ಓಣಿಯವರೆಲ್ಲ "ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಸಾಯುವ ತನಕ ಬೆನ್ನುನೋವು" ಎನ್ನುತ್ತಿದ್ದಾರೆ. ನಿಜವೇ? ಬೆನ್ನಿಗೆ ಕೊಟ್ಟ ಮೇಲೆ ತೊಡೆಗೆ ಮತ್ತೆ ಯಾಕೆ? ಅವ್ವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೋಗ್ರೆಲ್ ಮಾತ್ರೆ ನಡೆಯುತ್ತಿದೆ. ಅವಳ ಚಿಂತೆಯೇ ಬೇರೆ: "ನನಗೆ ಎಚ್ಚರ ಇರುತ್ತದಂತೆ, ಎಲುಬು ಕೊಯ್ಯುವ ಸದ್ದು ಕೇಳುತ್ತದಂತೆ."

ಮಂಪರು ಡಾಕ್ಟರ್, ವಿದ್ಯಾನಗರ:

ತಂಗಿ, ಮೊದಲು ಆ ಮಾತ್ರೆಯ ವಿಷಯ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕ್ಲೊಪಿಡೋಗ್ರೆಲ್ ಪ್ರಭಾವ ಇನ್ನೂ ಇರುವಾಗ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿಕೊಳ್ಳುವ ಅಪಾಯವಿದೆ. ಅದು ಅಪರೂಪ, ಆದರೆ ಒಮ್ಮೆ ಆಯಿತೆಂದರೆ ಕಾಲಿನ ಶಕ್ತಿಯೇ ಹೋಗಬಹುದು. ಆದ್ದರಿಂದ ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸುತ್ತೇವೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಎಂದು ಹಾಕಿದ್ದು, ಎಂಥದ್ದು ಎಂದು ನೋಡಿ ಹೃದ್ರೋಗ ತಜ್ಞರು ಹೇಳಬೇಕು. ಆಸ್ಪಿರಿನ್ ಇದ್ದರೆ ಸಾಮಾನ್ಯವಾಗಿ ಅದನ್ನು ಮುಂದುವರಿಸಿಕೊಂಡೇ ಸ್ಪೈನಲ್ ಕೊಡುತ್ತೇವೆ. ಕ್ಲೊಪಿಡೋಗ್ರೆಲ್ ನಿಲ್ಲಿಸಲು ಬರುವುದಿಲ್ಲ ಎಂದಾದರೆ ಆಪರೇಷನ್ ಮುಂದೂಡಬೇಕು, ಇಲ್ಲವೇ ಪೂರ್ತಿ ಮಂಪರು ಕೊಟ್ಟು ತೊಡೆಯ ಬ್ಲಾಕ್ ಮಾತ್ರ ಮಾಡಬಹುದು. ತೊಡೆಯಲ್ಲಿ ರಕ್ತ ಬಂದರೆ ಮೇಲಿಂದ ಒತ್ತಿ ಹಿಡಿಯಬಹುದು, ಬೆನ್ನುಮೂಳೆಯ ಒಳಗೆ ಯಾರ ಕೈಯೂ ಹೋಗುವುದಿಲ್ಲ.

ಓಣಿಯ ಬೆನ್ನುನೋವಿನ ಕಥೆಯನ್ನು ನಾನು ಹುಬ್ಬಳ್ಳಿಯಲ್ಲೂ ಕೇಳಿದ್ದೇನೆ, ಗದಗಿನಲ್ಲೂ ಕೇಳಿದ್ದೇನೆ. ನಾವು ಬಳಸುವ 25 ಗೇಜ್ ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಹಾಕುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಚುಚ್ಚಿದ ಕಡೆ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಕಾಡುವ ನೋವಿಗೆ ಕಾರಣ ಸವೆದ ಬೆನ್ನು, ಬಾಣಂತನ, ಹೊಲದ ಕೆಲಸ. ಬೈಗುಳ ಮಾತ್ರ ನಮಗೆ. ಇದರಲ್ಲಿ ತಲೆನೋವು ಎಂಬ ನಿಜವಾದ ತೊಂದರೆ ಒಂದಿದೆ: ಎದ್ದು ಕೂತರೆ ಜೋರು, ಮಲಗಿದರೆ ಕಡಿಮೆ. ಸೂಜಿಯ ತೂತಿನಿಂದ ಬೆನ್ನುಹುರಿಯ ಸುತ್ತಲಿನ ನೀರು ಸೋರುವುದರಿಂದ ಅದು ಬರುತ್ತದೆ. ಸಣ್ಣ ಸೂಜಿ ಬಂದ ಮೇಲೆ ಕಡಿಮೆಯಾಗಿದೆ, ವಯಸ್ಸಾದವರಲ್ಲಿ ಇನ್ನೂ ಕಡಿಮೆ. ದಿನವಿಡೀ ದಿಂಬಿಲ್ಲದೆ ಮಲಗಿಸುವುದರಿಂದ ಅದು ತಪ್ಪುವುದಿಲ್ಲ. ಆದರೂ ಆ ಪದ್ಧತಿಯನ್ನು ನಮ್ಮ ವಾರ್ಡುಗಳು ಬಿಟ್ಟುಕೊಡುತ್ತಿಲ್ಲ.

ಈಗ ಎರಡು ಸೂಜಿಯ ಲೆಕ್ಕ. ಸ್ಪೈನಲ್ ಇರುವುದು ಆಪರೇಷನ್ನಿನ ಹೊತ್ತಿಗೆ, ಬ್ಲಾಕ್ ಇರುವುದು ಆ ರಾತ್ರಿಯ ನೋವಿಗೆ. ಮರಗಟ್ಟಿಸುವ ಬುಪಿವಕೇನ್ ಔಷಧವನ್ನು ಬೆನ್ನಿಗೆ ಕೊಟ್ಟರೆ ಎರಡು ಮೂರು ಗಂಟೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಆಮೇಲೆ ಇಳಿಯುತ್ತದೆ, ಮೊಣಕಾಲು ಆಪರೇಷನ್ನಿನ ನೋವಾದರೋ ಆಗಲೇ ಎದ್ದು ಕೂರುತ್ತದೆ. ಹಿಂದೆ ತೊಡೆಸಂದಿಯಲ್ಲಿ ದೊಡ್ಡ ನರಕ್ಕೇ ಔಷಧ ಹಾಕುತ್ತಿದ್ದೆವು. ನೋವು ಹೋಗುತ್ತಿತ್ತು, ತೊಡೆಯ ಮುಂದಿನ ಸ್ನಾಯುವೂ ಮಲಗುತ್ತಿತ್ತು, ರೋಗಿ ಎದ್ದು ನಿಂತರೆ ಮೊಣಕಾಲು ಕುಸಿಯುತ್ತಿತ್ತು. ಈಗ ಇನ್ನೂ ಕೆಳಗೆ, ತೊಡೆಯ ನಡುವೆ ಒಳಬದಿಯಲ್ಲಿ ಹಾಕುತ್ತೇವೆ. ಅದಕ್ಕೆ ಅಡಕ್ಟರ್ ಕೆನಾಲ್ ಬ್ಲಾಕ್ ಎನ್ನುತ್ತಾರೆ. ಅಲ್ಲಿ ಮುಖ್ಯವಾಗಿ ಸಂವೇದನೆಯ ನರಗಳು, ಆದ್ದರಿಂದ ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ.

ಅಲ್ಟ್ರಾಸೌಂಡ್ ಪರದೆಯಲ್ಲಿ ರಕ್ತನಾಳ ಕಪ್ಪಗೆ, ದುಂಡಗೆ ಮಿಡಿಯುತ್ತಿರುತ್ತದೆ, ನರ ಅದರ ಪಕ್ಕದಲ್ಲೇ ಬೆಳ್ಳಗೆ. ಸೂಜಿ ಓರೆಯಾಗಿ ಬರುವುದು ಕಾಣಬೇಕು. ತುದಿ ಕಾಣಿಸದಿದ್ದರೆ ನಾನು ಕೈ ಮುಂದೆ ಒಯ್ಯುವುದಿಲ್ಲ, ಸರ್ಜನ್ ಗಡಿಯಾರ ನೋಡಿದರೂ ಸರಿ. ಸ್ವಲ್ಪ ಸ್ವಲ್ಪವೇ ಹಾಕಿ, ನಡುನಡುವೆ ಸಿರಿಂಜ್ ಹಿಂದಕ್ಕೆ ಎಳೆದು, ರಕ್ತ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಈ ಔಷಧ ರಕ್ತಕ್ಕೆ ಹೆಚ್ಚಾಗಿ ಸೇರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಅದಕ್ಕೆ ಮದ್ದಾಗಿ 20 ಪ್ರತಿಶತದ ಲಿಪಿಡ್ (ಕೊಬ್ಬಿನ) ದ್ರಾವಣ ಕೋಣೆಯಲ್ಲೇ ಇರಬೇಕು. ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅದೂ ನಿಮಗೆ ಒಂದು ಉತ್ತರವೇ.

ಸದ್ದಿನ ವಿಷಯ: ಹೌದು, ಗರಗಸವೂ ಇರುತ್ತದೆ, ಸುತ್ತಿಗೆಯೂ ಇರುತ್ತದೆ. ನಿದ್ದೆ ಬರಿಸುವ ಮಿಡಜೋಲಾಮ್ ಸ್ವಲ್ಪ ಕೊಟ್ಟರೆ ಹಲವರು ತೂಕಡಿಸುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿ ಇಷ್ಟದ ಭಜನೆ ಹಚ್ಚಿಕೊಡುವುದೂ ಉಂಟು. ಸುತ್ತಿಗೆಗೂ ಸ್ಪೈನಲ್‌ಗೂ ನಂಟು ಹಳೆಯದು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್ ಎಂಬ ಸರ್ಜನ್ ಸಹಾಯಕನ ಬೆನ್ನಿಗೆ ಕೊಕೇನ್ ಕೊಟ್ಟು, ಮರಗಟ್ಟಿತೇ ಎಂದು ನೋಡಲು ಅವನ ಮೊಣಕಾಲ ಕೆಳಗೆ ಸುತ್ತಿಗೆಯಿಂದಲೇ ಹೊಡೆದ. ಅವನಿಗೆ ನೋಯಲಿಲ್ಲ. ಬೀರ್ ಅದಕ್ಕೂ ಮೊದಲು ತನ್ನ ಬೆನ್ನಿಗೂ ಸೂಜಿ ಹಾಕಿಸಿಕೊಂಡಿದ್ದ; ಆಮೇಲೆ ಇಬ್ಬರಿಗೂ ತಲೆನೋವು ಬಂತು!

ಬ್ಯಾಡಗಿ ಮೆಣಸಿನಕಾಯಿ:

ಅಕ್ಕ, ನನ್ನದು ಕೈ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಎರಡು ಬೆರಳಿನ ನರ, ಸ್ನಾಯು ಹೋಗಿದ್ದವು. ಕೊರಳ ಕೆಳಗಿನ ಅಡ್ಡ ಎಲುಬಿನ (ಕಾಲರ್ ಬೋನ್) ಮೇಲ್ಗಡೆ ಸೂಜಿ ಹಾಕಿದರು, ಅರ್ಧ ಗಂಟೆಯಲ್ಲಿ ಕೈ ಬೇರೆ ಯಾರದ್ದೋ ಎನ್ನುವ ಹಾಗಾಯಿತು. ಎತ್ತಲು ಹೋದರೆ ನನ್ನ ಮುಖಕ್ಕೇ ಬಡಿಯಿತು. ಆಪರೇಷನ್ ಪೂರ್ತಿ ಡಾಕ್ಟರ ಜೊತೆ ಮೆಣಸಿನಕಾಯಿ ಧಾರಣೆ ಮಾತಾಡಿದೆ.

ನನ್ನ ದೂರು ಬೇರೆ. ಸಂಜೆ ಆರಾಮಾಗಿ ಮನೆಗೆ ಕಳಿಸಿದರು, ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಮಾತ್ರೆಯ ಚೀಟಿಯಲ್ಲಿ "ನೋವಿದ್ದರೆ" ಎಂದು ಬರೆದಿತ್ತು. ನೋವಿರಲಿಲ್ಲ, ತೆಗೆದುಕೊಳ್ಳಲಿಲ್ಲ. ನಡುರಾತ್ರಿ ಬ್ಲಾಕ್ ಒಮ್ಮೆಲೇ ಇಳಿಯಿತು ನೋಡಿ, ಓಣಿಗೆ ಕೇಳುವ ಹಾಗೆ ಕೂಗಿದೆ. ಮಾತ್ರೆ ನುಂಗಿದರೂ ಅದು ಹಿಡಿಯಲು ಬಹಳ ಹೊತ್ತು ಬೇಕಾಯಿತು.

ಮಂಪರು ಡಾಕ್ಟರ್, ವಿದ್ಯಾನಗರ:

ಬ್ಯಾಡಗಿಯವರು ಹೇಳಿದ್ದನ್ನು ನಾನು ಮೊದಲೇ ಬರೆಯಬೇಕಿತ್ತು ಎನ್ನುವಷ್ಟು ಮುಖ್ಯ. ಬ್ಲಾಕ್ ಇಳಿಯುವ ಮೊದಲೇ ಮಾತ್ರೆ ಒಳಗಿರಬೇಕು. "ನೋವಿದ್ದರೆ" ಎಂದು ಬರೆಯುವುದು ಬ್ಲಾಕ್ ಆದ ರೋಗಿಗೆ ಅರ್ಥವಿಲ್ಲದ ಸೂಚನೆ. ಪ್ಯಾರಾಸಿಟಮಾಲ್ ಗಂಟೆ ನೋಡಿ ಕೊಡಬೇಕು, ಮುಖ ನೋಡಿ ಅಲ್ಲ. ನಿಮ್ಮ ಅವ್ವನಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆ ತಂದು ಕೊಡಬೇಡಿ. ಸ್ಟೆಂಟ್ ಇದ್ದವರಿಗೆ, ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯದಲ್ಲ.

ಇನ್ನೊಂದು. ತೊಡೆಯ ಬ್ಲಾಕ್ ಮೊಣಕಾಲಿನ ಹಿಂಬದಿಯನ್ನು ಮುಟ್ಟುವುದಿಲ್ಲ. ಅಲ್ಲಿಗೆ ಸರ್ಜನ್ ಆಪರೇಷನ್ ನಡೆಯುವಾಗಲೇ ಔಷಧ ಹಾಕುತ್ತಾರೋ, ನಾವು ಪ್ರತ್ಯೇಕ ಇಂಜೆಕ್ಷನ್ ಕೊಡಬೇಕೋ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ರಾತ್ರಿ ಪಾಳಿ, ಧಾರವಾಡ:

ನಾನು ನರ್ಸ್. ಡಾಕ್ಟರು ಬಲ ಉಳಿಯುತ್ತದೆ ಎಂದರು, ಸರಿ. ಆದರೂ ಮೊದಲ ಸಲ ಏಳುವಾಗ ವಾಕರ್ ಇರಲಿ, ಪಕ್ಕದಲ್ಲಿ ಒಬ್ಬರಿರಲಿ. ನಮ್ಮ ಕಡೆಯ ಅವ್ವಂದಿರು ಗಂಟೆ ಒತ್ತುವುದಿಲ್ಲ, "ಪಾಪ ಮಲಗಿರಲಿ" ಎಂದು ತಾವೇ ಬಚ್ಚಲಿಗೆ ಹೊರಡುತ್ತಾರೆ, ಬೀಳುತ್ತಾರೆ. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಸ್ಪೈನಲ್ ಆದ ಮೇಲೆ ಮೂತ್ರ ಕಟ್ಟುವುದುಂಟು. ಸಂಜೆಯಾದರೂ ಹೋಗದಿದ್ದರೆ ಹೇಳಿ, ನಾಚಿಕೊಂಡು ಕೂರುವುದು ಬೇಡ.

ಲಕ್ಷ್ಮೇಶ್ವರದ ಮಗಳು:

ಎಲ್ಲರಿಗೂ ಶರಣು. ಶುಕ್ರವಾರ ಹೃದ್ರೋಗ ತಜ್ಞರ ಬಳಿ ಹೋಗುತ್ತೇವೆ. ಭಜನೆಯ ಮಾತು ಹೇಳಿದ ಕೂಡಲೇ ಅವ್ವ ಮೊಬೈಲಿನಲ್ಲಿ ಯಾವುದು ಹಾಕಬೇಕು ಎಂದು ಪಟ್ಟಿ ಶುರುಮಾಡಿದ್ದಾಳೆ. ಒಂದೇ ಕೇಳುವುದು ಉಳಿದಿದೆ: ಮಂಪರು ಕೊಡುವುದಿಲ್ಲವಲ್ಲ, ಬೆಳಿಗ್ಗೆ ಚಹಾ ಮತ್ತು ಎಲೆ ಅಡಿಕೆ ನಡೆಯುತ್ತದೆಯೇ ಎನ್ನುತ್ತಾಳೆ.

ಮಂಪರು ಡಾಕ್ಟರ್, ವಿದ್ಯಾನಗರ:

ನಡೆಯುವುದಿಲ್ಲ. ಸ್ಪೈನಲ್ ಸಾಲದೆ ನಡುವೆ ಪೂರ್ತಿ ಮಂಪರು ಕೊಡಬೇಕಾಗಿ ಬರಬಹುದು, ಆಗ ಹೊಟ್ಟೆ ಖಾಲಿ ಇರಬೇಕು. ಊಟ, ಹಾಲು ಹಾಕಿದ ಚಹಾ 6 ಗಂಟೆ ಮೊದಲೇ ನಿಲ್ಲಲಿ, ಬರೀ ನೀರು 2 ಗಂಟೆ ಮೊದಲಿನ ತನಕ ಕುಡಿಯಬಹುದು. ಎಲೆ ಅಡಿಕೆಯ ಸಂಚಿಯನ್ನು ಹಿಂದಿನ ರಾತ್ರಿಯೇ ನಿಮ್ಮ ಕೈಗೆ ಇಸಿದುಕೊಳ್ಳಿ. ದಿಂಬಿನ ಕೆಳಗೆ ಇನ್ನೊಂದು ಇರುತ್ತದೆ, ಅದನ್ನೂ ನೋಡಿ.