ನೀರಲ್ಲಿ ಕರಗದ ಮೂರ್ತಿಗೆ ಯಾವ ಸಿಮೆಂಟು?

ಮಣ್ಣುಕೈ:
ನಮ್ಮದು ಬೆಂಗಳೂರಿನ ಪಾಟರಿ ಟೌನು. ತಾತನ ಕಾಲದಿಂದ ಮಣ್ಣಿನ ಗಣಪತಿ ಮಾಡೋ ಮನೆ. ಹೋದ ವಾರ ಮಗಳು ಫೋನಲ್ಲಿ ಒಂದು ಚಿತ್ರ ತೋರಿಸಿದಳು. ಸಮುದ್ರದ ತಳದಲ್ಲಿ ಮಕ್ಕಳು ಕೈ ಕೈ ಹಿಡ್ಕೊಂಡು ಗುಂಡಗೆ ನಿಂತಿದ್ದಾರೆ, ಮೈಮೇಲೆಲ್ಲ ಹವಳ. ಕೆರಿಬಿಯನ್ನಿನ ಗ್ರೆನಡಾ ದ್ವೀಪದ್ದಂತೆ. ಎಲ್ಲ ಸಿಮೆಂಟಿನ ಮೂರ್ತಿಗಳು. ಮಾಡಿದವರು ಜೇಸನ್ ಡಿಕೇರಸ್ ಟೇಲರ್ ಅನ್ನೋ ಶಿಲ್ಪಿ, 2006ರಲ್ಲಿ ಶುರು ಮಾಡಿದ್ದಂತೆ. "ಅವರಿಗೆ ಉಸಿರು ಕಟ್ಟಲ್ವಾ ಅಪ್ಪ?" ಅಂತ ಮಗಳು ಕೇಳಿದಳು. ಆಮೇಲೆ ಕೆಲಸದ ಮಧ್ಯೆ ಎಷ್ಟು ಸಲ ಆ ಚಿತ್ರ ತೆಗೆದು ನೋಡಿದೆನೋ.

ನಾವು ಮಾಡಿದ್ದು ನೀರಿಗೆ ಬಿಟ್ಟರೆ ಕರಗಬೇಕು. ಕರಗಿದರೇನೇ ಕೆಲಸ ಸರಿ. ಸುಡದ ಜೇಡಿಮಣ್ಣು, ಬಿರುಕು ಬಿಡದಿರಲಿ ಅಂತ ಒಂದಿಷ್ಟು ತೆಂಗಿನ ನಾರು, ಅಷ್ಟೇ. ಹಲಸೂರು ಕೆರೆ ಕಲ್ಯಾಣಿಗೆ ಸಂಜೆ ಬಿಟ್ಟ ಚಿಕ್ಕ ಮೂರ್ತಿ ಬೆಳಗಾಗೋಷ್ಟರಲ್ಲಿ ಕೆಸರು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ಹಾಗಲ್ಲ, ಮುರಿದ ಸೊಂಡಿಲು, ಕೈ ಎಲ್ಲ ಹಾಗೇ ಬಿದ್ದಿರುತ್ತೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಟೇಲರ್ ಅವರದ್ದು ಕರಗೋದೂ ಇಲ್ಲ, ನೀರು ಕೆಡಿಸೋದೂ ಇಲ್ಲ. ಅದು ಯಾವ ಸಿಮೆಂಟು? ಒಳಗೆ ಕಂಬಿ ಇರುತ್ತಾ? ನಮ್ಮ ಕೆರೆಗಳಲ್ಲಿ ಹೀಗೆ ಮಾಡಬಹುದಾ? ಗೊತ್ತಿದ್ದವರು ಹೇಳಿ.

ಕಾಂಕ್ರೀಟ್ ಲ್ಯಾಬ್:
ಅಣ್ಣ, ಮಾಮೂಲಿ ಸಿಮೆಂಟಲ್ಲಿ ಕ್ಷಾರ ಜಾಸ್ತಿ, ಹಸಿಯಿದ್ದಾಗ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ತಟಸ್ಥ) 12 ದಾಟುತ್ತೆ. ಸಮುದ್ರದ ನೀರು 8ರ ಆಸುಪಾಸು. ಅದಕ್ಕೇ ಟೇಲರ್ ಪಿಎಚ್ ತಟಸ್ಥವಾದ, ಸಮುದ್ರಕ್ಕೆ ತಾಳೋ ಸಿಮೆಂಟ್ ಬಳಸ್ತಾರೆ. ಕಬ್ಬಿಣದ ಕಂಬಿ ಮಾತ್ರ ಬೇಡ. ಉಪ್ಪುನೀರು ಇಳಿದು ತುಕ್ಕು ಹಿಡಿದರೆ ಕಂಬಿ ಉಬ್ಬಿ ಮೂರ್ತಿಯನ್ನ ಒಳಗಿಂದಲೇ ಸೀಳುತ್ತೆ.

ನಿಮಗೆ ವಿಚಿತ್ರ ಅನಿಸಬಹುದು, ಮೇಲ್ಮೈಯನ್ನ ಬೇಕಂತಲೇ ಒರಟು ಬಿಡ್ತಾರೆ. ನುಣುಪಿದ್ದರೆ ಹವಳದ ಮರಿಗೆ ಕಚ್ಚಿಕೊಳ್ಳೋಕೆ ಜಾಗ ಸಿಗಲ್ಲ.

ನೇತ್ರಾಣಿ ಪ್ರೇಮಿ:
ನಾನು ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿದ್ದೀನಿ. ಬಂಡೆ ಮೇಲೆ ಹವಳ ಹೇಗೆ ಹಿಡಿದಿರುತ್ತೆ ಅಂತ ನೋಡಿರೋದರಿಂದ ಹೇಳ್ತೀನಿ, ಬೆಂಗಳೂರಿನ ಕೆರೆಯಲ್ಲಿ ಇದು ಆಗಲ್ಲ ಸರ್. ಸಿಹಿನೀರಲ್ಲಿ ಹವಳ ಬೆಳೆಯಲ್ಲ, ಪಾಚಿ ಬೆಳೆಯುತ್ತೆ. ನೀರು ತಿಳಿಯೂ ಇಲ್ಲ, ಎರಡಡಿ ಕೆಳಗೆ ನಿಮ್ಮ ಮೂರ್ತಿ ಯಾರ ಕಣ್ಣಿಗೂ ಬೀಳಲ್ಲ. ಟೇಲರ್ ಮೆಕ್ಸಿಕೋದ ಕ್ಯಾನ್‌ಕೂನ್‌ನಲ್ಲಿ 400ಕ್ಕೂ ಹೆಚ್ಚು ಆಳೆತ್ತರದ ಮೂರ್ತಿಗಳ ಒಂದು ದೊಡ್ಡ ಗುಂಪನ್ನೇ ಇಳಿಸಿದ್ದಾರೆ, ಎಲ್ಲ ಅಲ್ಲಿನ ಜನರ ಮೈ ಅಚ್ಚು. ಪ್ರವಾಸಿಗರು ಈ ಕಡೆ ಬಂದರೆ ನಿಜವಾದ ಹವಳದ ದಿಬ್ಬಕ್ಕೆ ಸ್ವಲ್ಪ ಬಿಡುವು ಸಿಗಲಿ ಅನ್ನೋದು ಅಲ್ಲಿನ ಲೆಕ್ಕಾಚಾರ. ನಮ್ಮ ಕೆರೆಗೆ ಬೇಕಾಗಿರೋದು ಮೂರ್ತಿಯಲ್ಲ, ಕೊಳಚೆ ನಿಲ್ಲೋದು.

ಹಾಸನದ ಸೊಸೆ:
ಅಣ್ಣ, ನೀರಲ್ಲಿ ನಿಂತ ಕಟ್ಟಡ ನೋಡಬೇಕು ಅಂದರೆ ನಮ್ಮ ಶೆಟ್ಟಿಹಳ್ಳಿಗೆ ಬನ್ನಿ, ಬೆಂಗಳೂರಿಂದ ಸುಮಾರು 200 ಕಿಲೋಮೀಟರ್. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಒಳಗೆಲ್ಲ ನಡೆದಾಡಬಹುದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಅಂತ ನಮ್ಮತ್ತೆ ಹೇಳ್ತಾರೆ. ಆದರೂ ಒಂದೊಂದು ಗೋಡೆ ಬೀಳ್ತಾನೇ ಇದೆ. ನೀರಿಗಂತ ಕಟ್ಟಿದ್ದಲ್ಲವಲ್ಲ.

ಮಣ್ಣುಕೈ:
ಎಲ್ಲರಿಗೂ ನಮಸ್ಕಾರ. ಕೆರೆ ಯೋಚನೆ ಬಿಟ್ಟೆ, ನೇತ್ರಾಣಿಯವರು ಹೇಳಿದ್ದು ಸರಿ. ನನ್ನ ತಲೆಯಲ್ಲಿ ಕೂತಿದ್ದು ಒರಟಿನ ಮಾತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಬೆರಳ ಗುರುತು ಅಳಿಸೋದನ್ನೇ ಅಪ್ಪ ನನಗೆ ಮೊದಲು ಕಲಿಸಿದ್ದು. ಹೊಟ್ಟೆ ಮೇಲೆ ಒಂದು ಗೀರು ಉಳಿದರೂ ಗಿರಾಕಿ ವಾಪಸ್ ಇಡ್ತಾರೆ. ಅಲ್ಲಿ ಆ ಗೀರಿಗೇ ಜೀವ ಬಂದು ಹತ್ತಿಕೊಳ್ಳುತ್ತೆ!

ನಿನ್ನೆ ಮಗಳ ಅಂಗೈ ಅಚ್ಚು ತೆಗೆದೆ, ಮಣ್ಣಲ್ಲೇ. ಒರೆಸಲಿಲ್ಲ. ಹಬ್ಬದ ಕೆಲಸ ಮುಗಿದ ಮೇಲೆ ಅವಳನ್ನ ಕರ್ಕೊಂಡು ಶೆಟ್ಟಿಹಳ್ಳಿಗೆ ಬರ್ತೀವಿ. ಅಷ್ಟು ಹೊತ್ತಿಗೆ ನೀರು ಎಲ್ಲಿವರೆಗೆ ಬಂದಿರುತ್ತೆ ಅಕ್ಕ?